ದಿಡ್ಡಿ ಬಾಗಿಲ ಕ್ಯಾತಣ್ಣ

ದೊಡ್ಡಪಾಲಯ್ಯನ ವಿಷಯ ನನ್ನ ಕೇಳ್ಬೇಡ್ರಿ ಅಂತ ಎಷ್ಟು ಸಲ ಹೇಳಿದ್ರೂ ಜನ ಕೇಳ್ತಾರೆ. ಸರಿ, ಹೇಳ್ತೀನಿ. ಆದ್ರೆ ಪೂರಾ ಕೇಳ್ಬೇಕು, ಅರ್ಧಕ್ಕೆ ಎದ್ದು ಹೋಗೋರಿದ್ರೆ ಈಗಲೇ ಹೋಗ್ಬಿಡಿ. ನಾನು ಚಿತ್ತಯ್ಯ. ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕೋದು ನಮ್ಮ ಮನೆತನದ ಕಸುಬು. ನನ್ನ ಕೈ ಮೊಣಕೈವರೆಗೂ ನೀಲಿ. ಮದುವೆಯ ದಿನವೂ ನೀಲಿಯೇ ಇತ್ತು, ಹುಡುಗಿ ಕಡೆಯವರು ಏನೂ ಅನ್ನಲಿಲ್ಲ, ಅವರ ಕೈ ಕೆಂಪಗಿತ್ತು.

ದೊಡ್ಡಪಾಲಯ್ಯ ಬಿ.ಜಿ. ಕೆರೆ ಕಡೆಯ ಮ್ಯಾಸಬೇಡರವನು. ಅವರಲ್ಲಿ ದೇವರಿಗೆ ಬಿಟ್ಟ ಎತ್ತುಗಳಿರ್ತಾವೆ. ಅವಕ್ಕೆ ನೊಗ ಹೂಡಂಗಿಲ್ಲ, ಹೊಡೆಯಂಗಿಲ್ಲ, ಬಾಯಿಗೆ ಬಂದಂಗೆ ಬೈಯಂಗೂ ಇಲ್ಲ. ಅವನ್ನ ಕಾಯೋನಿಗೆ ಕಿಲಾರಿ ಅಂತಾರೆ. ಇವನು ಕಿಲಾರಿ. ದಿನವೆಲ್ಲಾ ಎತ್ತಿನ ಹಿಂದೆ ಗುಡ್ಡ ಸುತ್ತೋನಿಗೆ ಮಾತು ಎಲ್ಲಿಂದ ಬರ್ಬೇಕು? ಆಡಿದ್ರೆ ಒಂದು, ಆಡದಿದ್ರೆ ಅದೂ ಇಲ್ಲ. ಹುಬ್ಬು ಎರಡೂ ಮೂಗಿನ ಮೇಲೆ ಕೂಡಿ ಒಂದೇ ಗೆರೆ ಆಗಿದ್ವು. ಅವನ ವಂಶದಲ್ಲಿ ಎಲ್ಲರಿಗೂ ಹಂಗೇ.

ಮಾರಿಕಣಿವೆ ಅಣೆಕಟ್ಟೆಯ ಕೆಲಸ ಮುಗಿದ ಮಾರನೇ ವರ್ಷ ಒಂದು ಬೆಳಗ್ಗೆ ನಮ್ಮ ಅಂಗಳದಲ್ಲಿ ಬಂದು ನಿಂತ.

"ಚಿತ್ತಣ್ಣ, ಗುಡಾಣದ ತಳದಲ್ಲಿ ಉಳಿಯೋ ಗಸಿ ಚೆಲ್ತೀಯಲ್ಲ, ಅದನ್ನ ನನಗೆ ಕೊಡು."

"ಯಾಕಲೇ?"

"ಸಿಪಾಯಿಗಳಿಗೆ ಅಂಗಿ ಬೇಕಾಗೈತೆ."

ಎಷ್ಟು ಜನ ಸಿಪಾಯಿಗಳು ಅಂದೆ. ಎಂಬತ್ತು ಅಂದ. ಎಷ್ಟೆತ್ತರ ಅಂದೆ. ಹೆಬ್ಬೆರಳು ತೋರಿಸಿದ. ನನ್ನ ಹೆಂಡತಿ ಲಕ್ಷ್ಮಕ್ಕ ಒಳಗಿಂದಲೇ ನಮ್ಮ ತೆಲುಗಿನಲ್ಲಿ "ಪಿಚ್ಚೋಡು" ಅಂದಳು. ಹುಚ್ಚ ಅಂತ. ಅವನಿಗೂ ತೆಲುಗು ಬರ್ತಿತ್ತು. ಹೌದಕ್ಕ ಅಂತ ತಲೆಯಾಡಿಸಿ, ಗಸಿ ತುಂಬ್ಕೊಂಡು ಹೋದ.

ಆಗಿದ್ದು ಇಷ್ಟು. ಚಳ್ಳಕೆರೆಯಲ್ಲಿ ಎಣ್ಣೆಗಾಣ ಇಟ್ಟಿದ್ದ ಕಲ್ಲೇಶಪ್ಪ ಅಂತ ಒಬ್ಬರು ಸಾವ್ಕಾರ್ರು. ಮೊದಲು ಕಟ್ಟೆ ಕೆಲಸದಲ್ಲಿ ಗುಮಾಸ್ತರಾಗಿದ್ರು. ಅಲ್ಲಿದ್ದ ಇಂಜಿನಿಯರ್ ದೊರೆಗೆ ಭಾನುವಾರ ಬಂತು ಅಂದ್ರೆ ಸೀಸದ ಸಿಪಾಯಿಗಳನ್ನ ನೆಲದ ಮೇಲೆ ನಿಲ್ಲಿಸಿ ಯುದ್ಧ ಆಡೋ ಚಟ. ಎದುರಾಳಿ ಬೇಕಲ್ಲ, ಕಲ್ಲೇಶಪ್ಪನೋರನ್ನ ಕೂರಿಸ್ಕೊಳ್ತಿದ್ದ. "ನಾಲ್ಕು ವರ್ಷ ಪ್ರತೀ ಭಾನುವಾರ ಸೋತಿದೀನಿ ಚಿತ್ತಯ್ಯ, ನನ್ನ ನೌಕರೀಲಿ ಅದೂ ಸೇರಿತ್ತು" ಅಂತ ಅವರೇ ಹೇಳೋರು. ದೊರೆ ಊರಿಗೆ ಹೋಗುವಾಗ ಆ ಪೆಟ್ಟಿಗೆ ಇವರಿಗೇ ಕೊಟ್ಟುಹೋದ. ಅರವತ್ತು ಸೀಸದ ಸಿಪಾಯಿಗಳು, ಒಂದು ಗೇಣುದ್ದದ ಹಿತ್ತಾಳೆ ಫಿರಂಗಿ. ಅದರ ಬಾಯಿಗೆ ಒಂದು ಕಡಲೆಕಾಳು ಹಾಕಿ ಹಿಂದಿನ ಕೊಂಡಿ ಬಿಟ್ರೆ ಠಪ್ ಅಂತ ಹಾರೋದು. ಕಾಳು ತಗಲಿ ಯಾರು ಬಿದ್ರೋ ಅವರು ಸತ್ತ ಲೆಕ್ಕ. ಸತ್ತವರನ್ನ ಆಟ ಮುಗಿಯೋ ತನಕ ಮುಟ್ಟಂಗಿಲ್ಲ, ಬಿದ್ದಲ್ಲೇ ಬಿದ್ದಿರ್ಬೇಕು.

ನಾಲ್ಕು ವರ್ಷ ಸೋತ ಮನುಷ್ಯ ಊರಿಗೆ ಬಂದ ಮೇಲೆ ಏನು ಮಾಡ್ತಾನೆ? ಗೆಲ್ಲೋಕೆ ಯಾರಾದರೂ ಸಿಗ್ತಾರಾ ಅಂತ ಹುಡುಕ್ತಾನೆ. ಕಲ್ಲೇಶಪ್ಪನೋರು ಹಿತ್ತಿಲ ಬಾವಿಯ ಪಕ್ಕ ಮಣ್ಣಿನಲ್ಲಿ ಮೊಣಕಾಲೆತ್ತರದ ಕೋಟೆ ಕಟ್ಟಿದ್ರು. ಎತ್ತುಗಳಿಗೆ ಹಿಂಡಿ ಕೇಳೋಕೆ ಬಂದ ದೊಡ್ಡಪಾಲಯ್ಯ ಅದನ್ನ ನೋಡಿದ.

"ಇದ್ಯಾವ ಕೋಟೆ ಸಾವ್ಕಾರ್ರೆ?"

"ಚಿತ್ರದುರ್ಗ. ನವಾಬರ ದಂಡು ಹೊರಗೆ ನಿಂತೈತೆ."

"ಒಳಗೆ ಯಾರೂ ಇಲ್ವಲ್ಲ."

"ಇರೋ ಜನ ದಂಡಿಗೇ ಸಾಲದು."

"ಒಳಗಿನವರನ್ನ ನಾನು ಮಾಡ್ತೀನಿ" ಅಂದ. ಹಿಂಡಿ ಮರೆತು ಹೋಗ್ಬಿಟ್ಟ. ಎತ್ತಿನ ವಿಷಯದಲ್ಲಿ ಅವನು ಮರೆತಿದ್ದು ಅದೊಂದೇ ಸಲ.

ಅವನಿಗ್ಯಾಕೆ ಆ ಉರಿ ಅಂತ ನನಗೆ ತಿಳಿದಿದ್ದು ಆಮೇಲೆ. ಅವನ ಮುತ್ತಜ್ಜನ ತಾತ ಕ್ಯಾತಣ್ಣ ಅನ್ನೋನು ದುರ್ಗದ ಒಂದು ದಿಡ್ಡಿ ಬಾಗಿಲು ಕಾಯ್ತಿದ್ದನಂತೆ. ಕೋಟೆ ಬಿದ್ದ ದಿನ ಅವನು ಬಾಗಿಲು ಬಿಟ್ಟು, ಎತ್ತಿನ ಹಿಂಡಿನ ಮರೆಯಲ್ಲಿ ತಪ್ಪಿಸ್ಕೊಂಡು ಹೋದ ಅಂತ ಮಾತು. ಕಂಡೋರಿಲ್ಲ, ಮಾತು ಮಾತ್ರ ಐತೆ. ಐದು ತಲೆಮಾರಾದ್ರೂ ಅವರ ಕಟ್ಟೆಮನೆಯಲ್ಲಿ, ನ್ಯಾಯ ನಡೆಯೋ ಚಾವಡಿಯಲ್ಲಿ, ಕುಲ ಕೂಡಿದಾಗ ಯಜಮಾನ ಎಲ್ಲಾ ಮನೆತನದವರಿಗೂ ವೀಳ್ಯವನ್ನ ಕೈಗೆ ಕೊಡ್ತಾನೆ, ಕ್ಯಾತಣ್ಣನ ಮನೆತನಕ್ಕೆ ಮಾತ್ರ ನೆಲದ ಮೇಲಿಡ್ತಾನೆ. ಇವರು ಬಗ್ಗಿ ಎತ್ಕೊಳ್ಬೇಕು. ದೊಡ್ಡಪಾಲಯ್ಯ ಹದಿನಾರನೇ ವಯಸ್ಸಿನಿಂದ ಎತ್ಕೊಂಡಿದಾನೆ. ಒಂದು ದಿನ ಗಸಿ ಅರೆಯುತ್ತಾ ನನಗೆ ಇಷ್ಟು ಹೇಳಿ, "ಸಾಯೋದರೊಳಗೆ ಒಂದು ಸಲ ಕೈಯಲ್ಲಿ ಇಸ್ಕೊಬೇಕು ಚಿತ್ತಣ್ಣ" ಅಂದ. ನಾನು "ನೀಲಿ ಜಾಸ್ತಿ ಹಾಕ್ಬೇಡ, ಹಾಳಾಗ್ತೈತೆ" ಅಂದೆ.

ಅವನು ಸಿಪಾಯಿಗಳನ್ನ ಕೆರೆ ಮಣ್ಣಿನಲ್ಲಿ ಮಾಡಿ ಬೆರಣಿ ಬೆಂಕಿಯಲ್ಲಿ ಸುಡ್ತಿದ್ದ. ಗಸಿ ಒಣಗಿಸಿ, ಪುಡಿ ಮಾಡಿ, ಜಾಲಿ ಗೋಂದಿಗೆ ಕಲೆಸಿ ಬಣ್ಣ. ಕುಂಚಕ್ಕೆ ಕರುವಿನ ಕಿವಿಯ ಕೂದಲು. ಎಳೆಯೋಕೆ ಕರುವಿನ ಅಪ್ಪಣೆ ಬೇಕಂತೆ, ಕಿವಿ ಆಡಿಸಿದ್ರೆ ಅಪ್ಪಣೆ ಇಲ್ಲ. ಹಿಂಗಾದ್ರೆ ಎಂಬತ್ತು ಜನಕ್ಕೆ ಅಂಗಿ ಹಾಕೋಕೆ ಎರಡು ವರ್ಷ ಆಗದೆ ಇನ್ನೇನು!

ಅದರ ಮೇಲೆ ಕಲ್ಲೇಶಪ್ಪನೋರ ಜೊತೆ ವಾದ. ಆ ಕಾಲದಲ್ಲಿ ರುಮಾಲಿನ ಸೆರಗು ಎಡಕ್ಕೆ ಬಿಡ್ತಿದ್ರೋ ಬಲಕ್ಕೋ ಅಂತ ಎರಡು ತಿಂಗಳು. ಸಿದ್ದಾಪುರದಲ್ಲಿ ತೊಂಬತ್ತು ದಾಟಿದ ಬೋರಕ್ಕ ಅನ್ನೋ ಅಜ್ಜಿ ಇದ್ಳು, ಅವಳನ್ನ ಕೇಳೋಕೆ ಇಬ್ಬರೂ ಗಾಡಿ ಕಟ್ಕೊಂಡು ಹೋದ್ರು. "ನಮ್ಮಪ್ಪ ರುಮಾಲನ್ನೇ ಸುತ್ತಿದ್ದಿಲ್ಲ" ಅಂದಳಂತೆ. ವಾಪಸ್ ಬಂದು ನಲವತ್ತು ಜನಕ್ಕೆ ಎಡಕ್ಕೆ, ನಲವತ್ತು ಜನಕ್ಕೆ ಬಲಕ್ಕೆ ಬಿಟ್ರು. ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?

ದೊರೆಯ ಸೀಸದ ಸಿಪಾಯಿಗಳು ಕೆಂಪು ಕೋಟಿನವು. ನವಾಬರ ದಂಡು ಕೆಂಪಿರಲಿಲ್ಲ, ಬೇರೆ ಬಣ್ಣ ಬಳೀಬೇಕು ಅಂತ ಇವನ ಹಟ. ಗೋಂದಿನ ಬಣ್ಣ ಸೀಸಕ್ಕೆ ಜಪ್ಪಯ್ಯ ಅಂದ್ರೂ ಹಿಡೀಲಿಲ್ಲ. ನಾನು ಒಳ್ಳೇದಕ್ಕೆ ಅಂತ, "ಕೋಳಿಮೊಟ್ಟೆಯ ಬಿಳಿ ಕಲೆಸು" ಅಂದೆ. ಮ್ಯಾಸರು ಕೋಳಿ ಮುಟ್ಟಲ್ಲ ಅನ್ನೋದು ಆ ಗಳಿಗೆಯಲ್ಲಿ ನನ್ನ ತಲೆಗೆ ಬರಲಿಲ್ಲ. ಕುಂಚ ಕೆಳಗಿಟ್ಟ, ಎದ್ದ, ಹದಿನೈದು ದಿನ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದು, ಆ ಸಿಪಾಯಿಗಳ ಟೋಪಿ ಮೇಲಿದ್ದ ಸೀಸದ ಗರಿಗಳನ್ನೆಲ್ಲ ಅರದಲ್ಲಿ ಉಜ್ಜಿ ತೆಗೆದ. ಹುಂಜದ ಗರಿ ಇದ್ದಂಗೆ ಐತೆ, ಇದು ನಮ್ಮ ಕೈಗೆ ಬೇಡ ಅಂದ. ಕೊನೆಗೆ ಗಾಣದ ಅಗಸೆ ಎಣ್ಣೆಯಲ್ಲಿ ಬಣ್ಣ ಹಿಡೀತು.

ಕ್ಯಾತಣ್ಣನನ್ನ ಎಲ್ಲರಿಗಿಂತ ಕೊನೆಗೆ ಮಾಡಿದ. ಅವನೊಬ್ಬನಿಗೇ ಒಂದು ಮಳೆಗಾಲ ಪೂರ್ತಿ ಹಿಡೀತು. ಕಂಬಳಿಯ ಅಂಚಿಗೆ ನನ್ನ ಅರಗಿನ ಕೆಂಪು, ಗಸಿಯಲ್ಲ, ಒಳ್ಳೇದನ್ನೇ ಕೊಟ್ಟೆ. ಒಂದೇ ಒಂದು ಕೂದಲಲ್ಲಿ ಕೂಡುಹುಬ್ಬು ಎಳೆದ. ಮುಖ ಹೆಸರುಕಾಳಿನಷ್ಟು, ಆದ್ರೂ ನೋಡಿದ ಕೂಡಲೇ ಇವನ ಮನೆಯವನು ಅಂತ ಗೊತ್ತಾಗ್ತಿತ್ತು.

ಮೊದಲನೇ ಆಟದಲ್ಲಿ ದುರ್ಗ ಅರ್ಧ ಗಂಟೆಯಲ್ಲಿ ಬಿತ್ತು. ಕಲ್ಲೇಶಪ್ಪನೋರ ಮುಖ ಅರಳಿತು, ನಾಲ್ಕು ವರ್ಷದ ಸೋಲು ಇಳೀತು. ಕ್ಯಾತಣ್ಣ ಒಂದು ಮೂಲೆಯಲ್ಲಿ ನಿಂತಿದ್ದ, ಕಾಳು ಆ ಕಡೆಗೆ ಹೋಗಲೇ ಇಲ್ಲ. ಮುಂದಿನ ಚಳ್ಳಕೆರೆ ಸಂತೆಗೆ ಬಂದಾಗ ದೊಡ್ಡಪಾಲಯ್ಯ ಚೀಲದಿಂದ ಹನ್ನೆರಡು ಮಣ್ಣಿನ ಎತ್ತು ತೆಗೆದ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ದೇವರ ಎತ್ತುಗಳು. ದಂಡು ಒಳಗೆ ನುಗ್ಗೋಕೆ ಆ ಮಣ್ಣಿನ ಕೋಟೆಗಿದ್ದದ್ದು ಒಂದೇ ದಿಡ್ಡಿ ಬಾಗಿಲು, ಅದರ ಮುಂದೆ ಸಾಲಾಗಿ ನಿಲ್ಲಿಸಿ, ಅವುಗಳ ಹಿಂದೆ ಕ್ಯಾತಣ್ಣನನ್ನ ಇಟ್ಟ.

ಕಲ್ಲೇಶಪ್ಪನೋರು ಫಿರಂಗಿ ತಿರುಗಿಸಿದ್ರು. ಎತ್ತು ನೋಡಿದ್ರು. ಲಿಂಗವಂತರು, ದಿನಾ ಬಸವಣ್ಣನಿಗೆ ಕೈಮುಗಿದು ಗಾಣ ಹೂಡೋರು. "ಚಿತ್ತಯ್ಯ, ಕೊಂಡಿ ನೀನು ಬಿಡು" ಅಂದ್ರು. ನಾನ್ಯಾಕೆ ಬಿಡ್ಲಿ? ನಾನೂ ಮನುಷ್ಯನೇ, ಅನ್ನ ತಿನ್ನೋನೇ. ಹಂಗಾಗಿ ಆ ದಿನ ದುರ್ಗ ಬೀಳಲಿಲ್ಲ. ಮುಂದಿನ ಸಂತೆಗೂ ಬೀಳಲಿಲ್ಲ. ಮೂರನೇ ಸಂತೆಗೆ ಜನ ಎಳ್ಳು ಮಾರೋದು ಬಿಟ್ಟು ನೋಡೋಕೆ ಬಂದ್ರು. ದೊಡ್ಡಪಾಲಯ್ಯನ ಮುಖದಲ್ಲಿ ಮೊಟ್ಟಮೊದಲು ನಗು ಕಂಡೆ, ಹುಬ್ಬು ಬಿಟ್ರೆ ಗುರುತೇ ಸಿಗಲಿಲ್ಲ.

ಸುದ್ದಿ ಕಟ್ಟೆಮನೆಗೆ ಹೋಯ್ತು. ನಾಲ್ಕನೇ ಸಂತೆಗೆ ಯಜಮಾನ ಬೊಮ್ಮಣ್ಣ ಬಂದ. ವೀಳ್ಯವನ್ನ ನೆಲಕ್ಕಿಡೋನು ಅವನೇ. ಎಪ್ಪತ್ತರ ಮುದುಕ, ಬೆನ್ನು ಮಾತ್ರ ಒನಕೆ ಇದ್ದಂಗೆ. ಕೋಟೆ ಸುತ್ತ ಒಂದು ಸುತ್ತು ಬಂದ. ಸಿಪಾಯಿಗಳ ರುಮಾಲಿನ ಸೆರಗು ನೋಡಿದ. ದಿಡ್ಡಿ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಇವನ್ಯಾರಲೇ?"

"ನಮ್ಮ ಕ್ಯಾತಣ್ಣ, ಯಜಮಾನ್ರೆ."

ಬೊಮ್ಮಣ್ಣ ಎತ್ತಿನ ಸಾಲಿನ ಮೇಲಿಂದ ಬಗ್ಗಿ ನೋಡಿ, "ಇವತ್ತಿಗೂ ಎತ್ತಿನ ಮರೆಯಲ್ಲೇ ನಿಂತವ್ನಲ್ಲೋ!" ಅಂದ.

ನೆರೆದವರು ಗೊಳ್ಳಂತ ನಕ್ರು. ಥತ್, ಎರಡು ವರ್ಷದ ಕೆಲಸ, ಇದು ನಮಗ್ಯಾರಿಗೂ ಹೊಳೀಲಿಲ್ಲವಲ್ಲ! ಕಿಲಾರಿ ಅಲ್ವಾ ಅವನು, ಕಾಪಾಡು ಅಂದ್ರೆ ಅವನ ಕೈ ಹೋಗೋದು ಎತ್ತಿನ ಕಡೆಗೇ. ತನ್ನ ಅಜ್ಜನನ್ನ ಯಾವ ಮಾತಿನಿಂದ ಬಿಡಿಸೋಕೆ ಹೊರಟಿದ್ದನೋ ಅದೇ ಮಾತಿನೊಳಗೆ ತನ್ನ ಕೈಯಾರೆ ನಿಲ್ಲಿಸಿದ್ದ.

ದೊಡ್ಡಪಾಲಯ್ಯ ಕೂತು, ಎತ್ತುಗಳನ್ನ ಒಂದೊಂದಾಗಿ ಎತ್ತಿ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದ. ಹನ್ನೆರಡೂ. ಕ್ಯಾತಣ್ಣನನ್ನ ಬಾಗಿಲಿಂದ ಆಚೆ ತಂದು ಹೊಸ್ತಿಲ ಮೇಲೆ, ದಂಡಿಗೆ ಎದುರಾಗಿ ನಿಲ್ಲಿಸಿದ. ಸುತ್ತಮುತ್ತ ಇದ್ದ ನಾಲ್ಕು ಸಿಪಾಯಿಗಳನ್ನೂ ತೆಗೆದ.

"ಯಜಮಾನ್ರೆ, ಫಿರಂಗಿ ನೀವೇ ಹಿಡೀರಿ."

"ದುರ್ಗ ಬೀಳ್ತೈತಲ್ಲೋ."

"ದುರ್ಗ ಬಿದ್ದೈತಲ್ಲ, ಎಲ್ಲರಿಗೂ ಗೊತ್ತೈತೆ. ಇವನು ಏನು ಮಾಡಿದ ಅನ್ನೋದು ಯಾರಿಗೂ ಗೊತ್ತಿಲ್ಲ."

ಬೊಮ್ಮಣ್ಣ ಫಿರಂಗಿ ಹಿಂದೆ ಹೊಟ್ಟೆ ಮೇಲೆ ಮಲಗಿದ. ಮೊದಲ ಕಾಳು ಗೋಡೆಗೆ ಬಡೀತು. ಎರಡನೇದು ಮೇಲೆ ಹಾರಿ ಬಾವಿಗೆ ಬಿತ್ತು. ಯಾರೂ ನಗಲಿಲ್ಲ. ಪಕ್ಕದಲ್ಲಿ ದೊಡ್ಡಪಾಲಯ್ಯ ಕೂತಿದ್ದ, ಅವನು ಏನು ಬೇಡ್ಕೊಳ್ತಿದ್ದಾನೆ ಅಂತ ನನಗೊಬ್ಬನಿಗೇ ಗೊತ್ತಿತ್ತು. ತಗಲಲಿ ಅಂತ. ಒಂದು ಮಳೆಗಾಲ ಕೂತು ಹುಬ್ಬು ಎಳೆದೋನು, ತಗಲಲಿ ಅಂತ.

ಮೂರನೇ ಕಾಳು ಕ್ಯಾತಣ್ಣನ ಎದೆಗೆ ಬಡೀತು. ಸೀಸವಾಗಿದ್ರೆ ಉರುಳ್ತಿದ್ದ. ಮಣ್ಣು, ಸೊಂಟಕ್ಕೆ ಎರಡು ತುಂಡಾದ. ಕಾಲು ಹೊಸ್ತಿಲ ಮೇಲೆ ನಿಂತೇ ಇತ್ತು. ಮೇಲಿನ ತುಂಡು ಬಾಗಿಲಿಗೆ ಅಡ್ಡವಾಗಿ ಅಂಗಾತ ಬಿತ್ತು.

ಆಟ ಇನ್ನೂ ಇತ್ತು. ಕಲ್ಲೇಶಪ್ಪನೋರು ದಂಡನ್ನ ಗೇಣು ಗೇಣಾಗಿ ದಿಡ್ಡಿಯ ಕಡೆ ತಂದ್ರು. ಸತ್ತವರನ್ನ ಮುಟ್ಟಂಗಿಲ್ಲ, ಹಂಗಾಗಿ ನವಾಬರ ಅರವತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕ್ಯಾತಣ್ಣನ ಮೇಲಿಂದ ದಾಟಿಸಿ ಒಳಗೆ ಇಡ್ಬೇಕಾಯ್ತು. ಅಷ್ಟೂ ಜನರನ್ನ ಬೊಮ್ಮಣ್ಣ ಕಣ್ಣು ಕೀಳದೆ ನೋಡಿದ. ದುರ್ಗ ಬಿತ್ತು.

"ನೋಡಿದ್ರಲ್ಲ ಯಜಮಾನ್ರೆ" ಅಂದ ದೊಡ್ಡಪಾಲಯ್ಯ.

ಬೊಮ್ಮಣ್ಣ ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡ. ರುಮಾಲು ಬಿಚ್ಚಿ ಬಾವಿಕಟ್ಟೆ ಮೇಲಿಟ್ಟ. ಕೊಡ ಇಳಿಸಿ, ಸೇದಿ, ಬಟ್ಟೆಯ ಸಮೇತ ತಲೆ ಮೇಲೆ ಸುರ್ಕೊಂಡ. ಕುಲದವನ ಸಾವು ಕಂಡೋರು ಹಂಗೇ ತಾನೇ ಮಾಡೋದು? ಎರಡನೇ ಕೊಡ ದೊಡ್ಡಪಾಲಯ್ಯನ ತಲೆಗೆ ಸುರಿದ. ಮೂರನೇದಕ್ಕೆ ನಾನೇ ಹೋಗಿ ನಿಂತೆ. ಕಲ್ಲೇಶಪ್ಪನೋರು, "ನಮ್ಮಲ್ಲಿ ಸೂತಕ ಇಲ್ಲ" ಅಂದ್ರು. ಆದ್ರೆ ಹಗ್ಗ ಹಿಡಿದು ನೀರು ಸೇದಿಕೊಟ್ಟೋರು ಅವರೇ.

ಆಮೇಲೆ ಬೊಮ್ಮಣ್ಣ ನೀರು ತೊಟ್ಟಿಕ್ಕುತ್ತಾ ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದ. ಅದನ್ನ ಕಂಡದ್ದೇ ತಡ, ದೊಡ್ಡಪಾಲಯ್ಯ ಬಗ್ಗಿದ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗೇ ನೆಲಕ್ಕೆ ಹೋಯ್ತು. ಮುದುಕ ಆ ಮಣಿಕಟ್ಟು ಹಿಡಿದು ಮೇಲಕ್ಕೆತ್ತಿ, ವೀಳ್ಯವನ್ನ ಅಂಗೈ ಮೇಲಿಟ್ಟು, ಬೆರಳುಗಳನ್ನ ತಾನೇ ಮಡಚಿದ.

ಮಾರನೇ ದಿನ ಊರು ಸೇರಿದೆ. ನೆನೆದು ಸುಕ್ಕಾದ ಬಟ್ಟೆ ನೋಡಿ ಲಕ್ಷ್ಮಕ್ಕ ಯಾರು ಹೋದ್ರು ಅಂತ ಕೇಳಿದಳು.

"ದೊಡ್ಡಪಾಲಯ್ಯನ ಅಜ್ಜ, ಕ್ಯಾತಣ್ಣ."

"ಪಾಪ. ಯಾವಾಗ?"

"ನಿನ್ನೆ ಮಧ್ಯಾಹ್ನ" ಅಂದೆ. "ಬಾಗಿಲಲ್ಲಿ."