ಬಿತ್ತನೆಯ ಗಂಟು

ಬರಗಾಲಕ್ಕೆ ಔರಾದ ಕಡೆಯ ತಮ್ಮೂರು ಡಾಬಕಾ ಬಿಟ್ಟು ಬೀದರಿನ ಮೈಲೂರಿಗೆ ಬಂದು, ಒಂದೇ ಗೋಡೆಯ ಆಚೀಚೆ ಬಾಡಿಗೆಗಿದ್ದ ಇಬ್ಬರಲ್ಲಿ ಶಾಲುಬಾಯಿಗೆ ಮಾತ್ರ ಕಣ್ತುಂಬ ನಿದ್ದೆ ಬರುತ್ತಿತ್ತು ಎಂಬುದೇ ಜಾನಕಿಬಾಯಿಯ ಹೊಟ್ಟೆಕಿಚ್ಚು. ಇಬ್ಬರೂ ಒಡೆಯುತ್ತಿದ್ದದ್ದು ಅದೇ ಕಲ್ಲು, ತಿನ್ನುತ್ತಿದ್ದದ್ದು ಅದೇ ಮುಗ್ಗಿದ ಜೋಳದ ರೊಟ್ಟಿ. ಆದರೆ ನೀರಿನ ಟ್ಯಾಂಕರ್ ಬಾರದಿದ್ದರೆ ಶಾಲುಬಾಯಿ, “ಇದರಾಗೂ ಪಾಂಡುರಂಗಂದು ಏನರೆ ವಿಚಾರ ಇರ್ತದರಿ ವೈನಿ, ಇವತ್ತು ಕೊಡಾ ಹೊರೂದು ತಪ್ಪಿಸಿ ಟೊಂಕಕ್ಕ ಸೂಟಿ ಕೊಟ್ಟಾನ” ಎನ್ನುವಳು. ಮೋಡ ಔರಾದ ಬಿಟ್ಟು ಭಾಲ್ಕಿಯಲ್ಲಿ ಸುರಿದರೆ, ಭಾಲ್ಕಿಯವರಿಗೆ ಮೊದಲು ನೀರಡಿಸಿತ್ತಂತೆ. ಚೇಳು ತನಗೇ ಕಡಿದರೆ, ಬೇರೆಯವರ ಮಕ್ಕಳಿಗೆ ಕಡಿಯದಿರಲೆಂದು ಆತನೇ ಇತ್ತ ಕಳಿಸಿದನಂತೆ. ತನಗೆ ಸಿಗದ ಯಾವ ಪಾಂಡುರಂಗ ಇವಳಿಗೆ ಸಿಕ್ಕಿದ್ದಾನೆ ಎಂದು ಜಾನಕಿಬಾಯಿ ಕುದಿಯುವಳು. ಒಂದು ದಿನವಾದರೂ ಇವಳು ದೇವರನ್ನು ಬೈಯಲಿ ಎಂದು ಗೋಡೆಗೆ ಕಿವಿ ಹಚ್ಚುವಳು. ಎಷ್ಟೇ ಹಸಿದರೂ ಶಾಲುಬಾಯಿ ಬಿತ್ತನೆಯ ಜೋಳದ ಗಂಟನ್ನು ಮುಟ್ಟದೆ, ದೇವರ ಮಾಡದಲ್ಲಿಟ್ಟು ದಿನಾ ಕುಂಕುಮ ಹಚ್ಚುತ್ತಿದ್ದಳು. ಜಾನಕಿಬಾಯಿಯೋ ತನ್ನ ಗಂಟನ್ನು, ಮನೆಯಲ್ಲಿ ಬೇರೆ ಕಾಳೇ ಇಲ್ಲದ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬೀಸಿ, ರೊಟ್ಟಿ ಬಡಿದು ತಿಂದು, ಯಾರಿಗೂ ಹೇಳದೆ ಸುಮ್ಮನಿದ್ದಳು. ಕೊನೆಗೂ ಬಿತ್ತನೆಗೆ ಬೇಕಾದ ಮಿರಗದ ಮಳೆ ಬಿದ್ದು ಊರಿಗೆ ಹೊರಟ ದಿನ, ಶಾಲುಬಾಯಿ ದೇವರ ಪಟದ ಹಿಂದಿನಿಂದ ಎರಡನೆಯ ಗಂಟೊಂದನ್ನು ತೆಗೆದು ಜಾನಕಿಬಾಯಿಯ ಕೈಗಿಟ್ಟಳು. “ನೀವು ಬೀಸೂ ಸಪ್ಪಳ ಕೇಳಿತ್ತರಿ ವೈನಿ. ಅವತ್ತೇ ನಂದ್ರಾಗ ಅರ್ಧಾ ತಗದಿಟ್ಟೇನಿ.” ಗಂಟನ್ನು ಸೆರಗಿನಲ್ಲಿ ಬಿಗಿಯಾಗಿ ಕಟ್ಟಿಕೊಂಡರೂ ಬಸ್ಸು ಔರಾದ ಮುಟ್ಟುವವರೆಗೆ ಜಾನಕಿಬಾಯಿಯ ಹೊಟ್ಟೆಕಿಚ್ಚು ಆರಲಿಲ್ಲ: ತನ್ನ ಪಾಲಿನ ಬೀಜವನ್ನೂ ಪಾಂಡುರಂಗ ಇವಳ ಕೈಯಿಂದಲೇ ಕೊಡಿಸಬೇಕೆ.