ಚರ್ಮದೊಳಗಿನ ಕೌದಿ

ಮೊಮ್ಮಗಳು ಎಂಟು ತಿಂಗಳಿಗೇ ಹುಟ್ಟಿದಾಗ ನಾನು ಬಾಗಲಕೋಟೆಯ ದವಾಖಾನೆಗೆ ಒಯ್ದದ್ದು ಮೂರು ಕೌದಿ. ಪುಷ್ಯದ ಚಳಿ. ಸಿಸೇರಿಯನ್ ಆದ ಮಗಳಿಗೆ ಜ್ವರ ಬಂದು, ನನ್ನ ಹೆಂಡತಿ ಅವಳ ಮಗ್ಗುಲು ಬಿಟ್ಟು ಏಳುವಂತಿರಲಿಲ್ಲ. ಇಳಕಲ್ಲಿನಿಂದ ಬಂದ ಅಳಿಯನಿಗೆ ಕೆಮ್ಮು. ಅವನನ್ನು ಒಳಗೇ ಬಿಡಲಿಲ್ಲ. ಹೀಗಾಗಿ ಅಂಗೈಯಷ್ಟಿದ್ದ ಕೂಸು ನನ್ನ ಪಾಲಿಗೆ ಬಂತು. ಕೌದಿಯ ಮೇಲೆ ಕೌದಿ ಹೊದಿಸಿ, ತಲೆಗೆ ಕುಂಚಿಗೆ ಕಟ್ಟಿ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಕುಳಿತೆ.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು ಕೂಸಿನ ಪಾದ ಮುಟ್ಟಿ ನೋಡಿದಳು. ನಾನೂ ಮುಟ್ಟಿದೆ. ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು.

“ಕೌದಿ ಕಾವು ಕೊಡಂಗಿಲ್ರಿ ಸರ್. ಇದ್ದ ಕಾವು ಹಿಡಿದಿಡ್ತೈತಿ ಅಷ್ಟ. ಈ ಕೂಸಿನ ಮೈಯಾಗ ಕಾವ ಇಲ್ಲ. ಒಂದು ತಾಸಿನ್ಯಾಗ ಏರಲಿಲ್ಲಂದ್ರ ತಾಯಿನ್ನ ಇಲ್ಲೇ ಬಿಟ್ಟು ದೊಡ್ಡ ದವಾಖಾನಿಗೆ ಒಯ್ಯಬೇಕಾಗ್ತೈತ್ರಿ.”

ಹೆದರಿಕೆಯಾಯಿತು. ಜೊತೆಗೆ ನಾಚಿಕೆಯೂ ಆಯಿತು. ಬೇವೂರಿನ ಶಾಲೆಯಲ್ಲಿ ವರ್ಷಾನುಗಟ್ಟಲೆ ನಾನು ಹೇಳಿಕೊಟ್ಟದ್ದೂ ಇದನ್ನೇ. ತಿಮಿಂಗಿಲದ ಕೌದಿ ಚರ್ಮದ ಒಳಗಿರುತ್ತದೆ, ಆ ಕೊಬ್ಬು ಕಾವು ಹುಟ್ಟಿಸುವುದಿಲ್ಲ, ಒಳಗೆ ಹುಟ್ಟಿದ್ದನ್ನು ತಣ್ಣೀರಿಗೆ ಬಿಟ್ಟುಕೊಡುವುದಿಲ್ಲ, ಅಷ್ಟೇ. ಮೇವು ಸಿಗುವ ಕಾಲದಲ್ಲಿ ತಿಂದು ಕೊಬ್ಬು ಕೂಡಿಟ್ಟ ಬಾಣಂತಿ ತಿಮಿಂಗಿಲ, ಆಮೇಲೆ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಉಪವಾಸವಿದ್ದೂ ಮರಿಗೆ ಗಟ್ಟಿ ಹಾಲೂಡಿಸುತ್ತದೆ. ಸಮುದ್ರವನ್ನೇ ಕಾಣದ ಮಕ್ಕಳು ಇದನ್ನು ತಪ್ಪು ಬರೆದರೆ ಕಿವಿ ಹಿಂಡುತ್ತಿದ್ದೆ. ಈಗ ನನ್ನ ಕಿವಿ ಹಿಂಡುವವರು ಬೇಕಿತ್ತು.

“ಅಂಗಿ, ಬನಿಯನ್ ತೆಗೀರಿ,” ಎಂದಳು ನರ್ಸ್. “ಕೂಸಿನ್ನ ಬರೇ ಎದಿಮ್ಯಾಲೆ ಹಾಕ್ಕೋರಿ. ಮ್ಯಾಲೆ ಒಂದ ಕೌದಿ ಸಾಕು.”

ನಾನು ಹಿಂದೇಟು ಹಾಕಿದೆ. ಅಮೀನಗಡದ ಕರದಂಟು, ಕಮತಗಿಯ ಮಿರ್ಚಿ ತಿಂದು ಬೆಳೆಸಿದ ಮೈ ನನ್ನದು. ತಣ್ಣೀರಿನಲ್ಲಿ ತಿಮಿಂಗಿಲದ ಚರ್ಮ ಹೊರಗೆ ಹೆಚ್ಚುಕಡಿಮೆ ನೀರಿನಷ್ಟೇ ತಣ್ಣಗಿರುತ್ತದೆ. ನನ್ನ ಕೊಬ್ಬೂ ಕಾವನ್ನೆಲ್ಲ ಒಳಗೇ ಬಚ್ಚಿಟ್ಟುಕೊಂಡರೆ?

“ನಾ ಭಾಳ ದಪ್ಪ ಅದೇನಿ, ತಂಗಿ. ಕಾವು ಹೊರಗ ಬರ್ತೈತೋ ಇಲ್ಲೋ.”

“ಪಾಠ ಆಮ್ಯಾಲೆ ಮಾಡೀರಂತ ಸರ್. ಮೊದಲ ಅಂಗಿ ತೆಗೀರಿ.”

ತೆಗೆದೆ. ಅವಳು ಕೂಸನ್ನು ಮಲಗಿಸಿದಾಗ ಎದೆಗೆ ಹಸಿ ಅರಿವೆ ತಾಗಿದಂತಾಯಿತು. ಆಗ ನೆನಪಾಯಿತು, ಆ ಪಾಠದಲ್ಲಿ ಪರೀಕ್ಷೆಗೆ ಎಂದೂ ಬರದ ಕೊನೆಯ ಸಾಲು: ಮೈ ಹೆಚ್ಚು ಕಾದಾಗ ತಿಮಿಂಗಿಲ ರಕ್ತವನ್ನು ಕೊಬ್ಬು ದಾಟಿಸಿ ಚರ್ಮದವರೆಗೆ ಹರಿಸಿ ಕಾವನ್ನು ಹೊರಗೆ ಬಿಡುತ್ತದೆ. ಕೌದಿಯೊಳಗೆ ನಾನು ಬೆವರತೊಡಗಿದೆ. ಬೆವರಿದ್ದಕ್ಕೆ ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ. ಮೂಗು ತುರಿಸುತ್ತಿದ್ದರೂ ಕೈ ಎತ್ತಲಿಲ್ಲ.

ತಾಸು ತುಂಬುವ ಮೊದಲೇ ನರ್ಸ್ ಬಂದು ಥರ್ಮಾಮೀಟರ್ ಇಟ್ಟಳು. “ಏರೈತ್ರಿ,” ಎಂದಳು. ಪಾದ ಹಿಡಿದು ನೋಡಿದೆ. ಬೆಚ್ಚಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಹೊಟ್ಟೆ ಕುಲುಕಿ ಕೂಸು ಎಚ್ಚರವಾಗಿ ಮುಖ ಸಿಂಡರಿಸಿತು.

ಮಗಳಿಗೆ ಕಣ್ಣು ಹತ್ತಿದ್ದರಿಂದ ಎದ್ದು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಇಷ್ಟ ವರ್ಷ ಮೈ ಇಳಸ್ರಿ ಅಂತ ಬಾಯಿ ಬಡಕೊಂಡೆ,” ಎಂದಳು. “ಕೂಸು ಮನಿಗೆ ಬರೂತನಕ ಇನ್ನ ಏನೂ ಅನ್ನಂಗಿಲ್ಲ.” ಆ ಪಾದವನ್ನು ತನ್ನ ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು, ಸರಸರ ಹೋದಳು. ಪಕ್ಕದ ಕೋಣೆಯಿಂದ ಅವಳ ದನಿ ಕೇಳಿಸಿತು.

“ಕಣ್ಣ ತಗಿಯವಾ. ನಿನ್ನ ಮಗಳು ಬೆಚ್ಚಗ ಅದಾಳ.”