ದಂಡೆ ಉಳಿಸಿಕೊಂಡ ಯಲ್ಲಪ್ಪ ಕಾಕಾ

ಮಸಗುಪ್ಪಿಯ ಕಲ್ಲುಬಾವಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ಊರಿಗೆ ಈಜು ಕಲಿಸುತ್ತ ಬಂದವರು ಯಲ್ಲಪ್ಪ ಕಾಕಾ. ಬೆನ್ನಿಗೆ ಬೆಂಡು ಕಟ್ಟಿ ನೀರಿಗಿಳಿಸುತ್ತಾರೆ, ತಾವೂ ಜೊತೆಗೇ ಇಳಿಯುತ್ತಾರೆ. ಕೈಕಾಲು ಹದಕ್ಕೆ ಬಂದ ದಿನ, ಹೇಳದೆ ಕೇಳದೆ ಬೆಂಡು ಬಿಚ್ಚಿಬಿಡುತ್ತಾರೆ. ನಾನೂ ಹಾಗೆಯೇ ಕಲಿತೆ.

ಅವರ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ಆ ಕಡೆಯಿಂದ ಮಾತಾಡಿಸಿದರೆ ಕೇಳುತ್ತಿರಲಿಲ್ಲ. ಹೆಂಡತಿ ಕಾಶೆವ್ವ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕುವರು. ಕಾಕಾ ಅದರ ಮೇಲೆ ಅರಳೆ ತುರುಕಿ ಬಾವಿಗೆ ಹಾರುವರು. ನೀರು ತಡೆಯಲೆಂದು ಇಟ್ಟ ಅರಳೆ ಕೀವನ್ನೂ ಒಳಗೇ ತಡೆಯಿತು. ಎರಡು ವರ್ಷದ ಹಿಂದೆ ತಲೆ ತಿರುಗಿ ಬಾವಿಯ ಮೆಟ್ಟಿಲ ಮೇಲೆ ಕುಸಿದಾಗ ಗೋಕಾಕದ ಆಸ್ಪತ್ರೆಗೆ ಕರೆದೊಯ್ದೆವು.

ಕಿವಿಯೊಳಗೆ ಚರ್ಮ ಗಂಟುಕಟ್ಟಿ ಎಲುಬು ತಿನ್ನುತ್ತಿದೆ ಎಂದರು ಡಾಕ್ಟರು. ಆಪರೇಷನ್‌ಗೆ ಎರಡು ದಾರಿಗಳಿದ್ದವು. ಕಿವಿ ನಾಳದ ಹಿಂಗೋಡೆ ತೆಗೆದರೆ ರೋಗ ಪೂರ್ತಿ ಕಾಣುತ್ತದೆ, ಮರಳುವುದು ಕಡಿಮೆ. ಆದರೆ ಒಳಗೆ ಉಳಿಯುವ ಪೊಳ್ಳಿಗೆ ಜೀವನಪೂರ್ತಿ ನೀರು ತಾಗಬಾರದು. ಗೋಡೆ ಉಳಿಸಿದರೆ, ವಾಸಿಯಾದ ಮೇಲೆ ಈಜಬಹುದು. ಆದರೆ ರೋಗ ಮೂಲೆಯಲ್ಲಿ ಅಡಗಿರಬಹುದು. ವರ್ಷದ ನಂತರ ಮತ್ತೆ ತೆರೆದು ನೋಡಲೇಬೇಕು.

"ಬಾವಿ ದಂಡಿ ಒಡದು ಹೂಳು ತಗಿಯೂದು ಒಂದು, ದಂಡಿ ಇಟಗೊಂಡು ಒಳಗ ಇಳದು ತಗಿಯೂದು ಒಂದು. ಹೌದಲ್ರಿ?" ಎಂದರು ಕಾಕಾ.

ಡಾಕ್ಟರು ನಕ್ಕರು. "ಖರೆ ಅದರಿ. ಆದ್ರ ಹೂಳು ಮತ್ತ ಬಂದಿದ್ರ ದಂಡಿ ಒಡಿಯೂದ ಗತಿ."

"ದಂಡಿ ಇರ್ಲಿ ಸಾಹೇಬ್ರ. ವರ್ಷ ಆದ್ಮ್ಯಾಲ ಮತ್ತ ಇಳೀರಿ."

ಗೋಡೆ ಉಳಿಸಿಯೇ ಆಪರೇಷನ್ ಆಯಿತು. ಆ ವರ್ಷ ಕಾಕಾ ನೀರಿಗಿಳಿಯಲಿಲ್ಲ. ಅರ್ಧ ಕಲಿತಿದ್ದ ಅಂಗನವಾಡಿ ಟೀಚರ್ ಮಾಯಾ ಬೆಂಡು ಕಟ್ಟಿಕೊಂಡೇ ತೇಲುತ್ತಿದ್ದಳು. ಕಾಕಾ ಮೇಲೆ ನಿಂತು ಕೂಗುತ್ತಿದ್ದರು.

"ಬರೇ ಬಾಯಿಲೆ ಈಜು ಬರತೈತೇನ್ರಿ ಕಾಕಾ? ಇಳದು ಕಲಸ್ರಿ!" ಎಂದು ಅವಳು ಕಾಡುವಳು.

"ಎಣ್ಣಿ ಬಿಸಿ ಮಾಡ್ಲೇನು?" ಎಂದು ಕಾಶೆವ್ವ ಕೇಳಿದಾಗಲೆಲ್ಲ ಕಾಕಾ ಕಿವಿ ಮುಚ್ಚಿಕೊಂಡು ಹೊರಗೋಡುವರು.

ವರ್ಷದ ನಂತರ ಡಾಕ್ಟರು ಮತ್ತೆ ತೆರೆದು ನೋಡಿದರು. ಒಳಗೆ ಸ್ವಚ್ಛ! ಕಿವಿ ಕೇಳಿಸಲೆಂದು, ರೋಗ ತಿಂದಿದ್ದ ಪುಟ್ಟ ಎಲುಬಿನ ಜಾಗಕ್ಕೆ ಹೊಸದೊಂದನ್ನು ಕೂರಿಸಿದರು. ಗಾಯ ಮಾಯ್ದು ಕೆಲವು ತಿಂಗಳಾದ ಮೇಲೆ, "ಇನ್ನ ಈಜ್ರಿ, ಆದ್ರ ಮ್ಯಾಲಿಂದ ಹಾರಬ್ಯಾಡ್ರಿ" ಎಂದರು.

ಮರುದಿನ ಬೆಳಿಗ್ಗೆ ಕಾಕಾ ಒಂದೊಂದೇ ಮೆಟ್ಟಿಲಿಳಿದು ನೀರು ಸೇರಿದರು. ಮಾಯಾಳ ಪಕ್ಕದಲ್ಲೇ ಈಜಿದರು. ಅರ್ಧ ಬಾವಿ ದಾಟಿದ ಮೇಲೆ ಅವಳು ಬೆನ್ನು ಮುಟ್ಟಿಕೊಂಡು, ಅವರ ಎಡಗಡೆಯಿಂದ ಚೀರಿದಳು: "ಕಾಕಾ, ಬೆಂಡ ಎಲ್ಲೈತ್ರಿ?"

ಕಾಕಾ ಬಲಗಿವಿ ಕೊಡಲು ತಲೆ ತಿರುಗಿಸಲಿಲ್ಲ. ಬೆಂಡನ್ನು ಎತ್ತಿ ಹಿಡಿದು ಅಂದರು: "ನನ್ನ ಕೈಯಾಗೈತಿ! ನೀ ಈಜ ತಂಗಿ, ಈಜ!"